ಅಂಗೈಗೆ ಅರ್ಧ ಆಂಪ್

ಅಮ್ಮನ ಮುಖವನ್ನು ಅಂಚಿನಲ್ಲಿ ಹಿಡಿಯಬಹುದು, ಹಿಂದಿನಿಂದ ಹಿಡಿಯಬಹುದು, ಬೆರಳ ತುದಿಯಿಂದ ಮುಟ್ಟಲೂಬಹುದು. ಅದರ ಮೇಲೆ ಅಂಗೈ ಮಾತ್ರ ಇಡುವಂತಿಲ್ಲ. ರಾಮಯ್ಯನವರು ಹಾಕಿದ ಕಟ್ಟಳೆ ಇದೊಂದೇ.

“ಅಂಗೈ ಇಟ್ರೆ ಅಮ್ಮನ ಕಣ್ಣು ಮುಚ್ಚಿದ ಹಾಗಾಗುತ್ತೆ,” ಎಂದಿದ್ದರು ಅವರು. “ನಮ್ಮೂರಲ್ಲಿ ಇವತ್ತಿನವರೆಗೆ ಯಾರೂ ಮುಚ್ಚಿಲ್ಲ. ನಿಮ್ಮ ಶೆಡ್ಡಲ್ಲೂ ಅದು ಆಗ್ಬಾರ್ದು.”

ಅವರ ಊರು ಅತ್ತಿಗುಪ್ಪೆ. ಈಗ ಅದನ್ನು ಊರು ಎಂದು ಕರೆಯುವವರು ಅವರೂ ಅವರ ಓರಗೆಯ ನಾಲ್ಕೈದು ಜನರೂ ಮಾತ್ರ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಆದರೂ ಮೂರು ಮಹಡಿಯ ಮನೆಗಳ ನಡುವೆ ಸಿಕ್ಕಿಕೊಂಡ ಪುಟ್ಟ ಗುಡಿಯಲ್ಲಿ ಅಮ್ಮ ಇನ್ನೂ ಇದ್ದಳು. ಅವಳ ಹಿತ್ತಾಳೆಯ ಮುಖಕ್ಕೆ ಹಿಂದೆಂದೋ ಕೊಡಿಸಿದ್ದ ಬೆಳ್ಳಿ ಪೂರಾ ಸವೆದು ಕೆನ್ನೆ ಹಳದಿಯಾಗಿತ್ತು. ಹೊಸ ಬೆಳ್ಳಿ ಹಾಕಿಸಿ ಮಂಗಳವಾರ ಬೆಳಿಗ್ಗೆ ಮುಖ ಕಟ್ಟಬೇಕೆಂದು ಊರವರು ತೀರ್ಮಾನಿಸಿದ್ದರು. ಹಾಗಾಗಿ 2003ರ ಆ ಸೋಮವಾರ ರಾಮಯ್ಯ ಕಾಮಾಕ್ಷಿಪಾಳ್ಯದಲ್ಲಿ, ಯೋಗಾನಂದನ ಪ್ಲೇಟಿಂಗ್ ಶೆಡ್ಡಿನ ಬಾಗಿಲಲ್ಲಿ, ಬೆಳಿಗ್ಗೆ ಹತ್ತರಿಂದ ಸ್ಟೂಲು ಹಾಕಿಕೊಂಡು ಕೂತಿದ್ದರು. ಊಟಕ್ಕೂ ಎದ್ದಿರಲಿಲ್ಲ.

ಮುಖ ಆಗ ಜಯದೇವಿಯ ವಶದಲ್ಲಿತ್ತು. ಅದೇ ದೊಡ್ಡ ಭಯದ ಸಂಗತಿ, ರಾಮಯ್ಯನಿಗೂ, ಯೋಗಾನಂದನಿಗೂ, ಎಲ್ಲರಿಗಿಂತ ಹೆಚ್ಚಾಗಿ ಜಯದೇವಿಗೂ.

ಜಯದೇವಿ ಸಿಂದಗಿ ಕಡೆಯವಳು. ಗಂಡನ ಜೊತೆ ಬೆಂಗಳೂರಿಗೆ ಬಂದು ಎಂಟು ವರ್ಷ, ಈ ಶೆಡ್ಡಿಗೆ ಸೇರಿ ಆರು ವರ್ಷ. ಆರು ವರ್ಷವೂ ಅವಳದು ಒಂದೇ ಕೆಲಸ. ಲೇಪಕ್ಕೆ ಬಂದ ಸಾಮಾನುಗಳನ್ನು ತಾಮ್ರದ ತಂತಿಗೆ ಕಟ್ಟುವುದು, ತೊಳೆಯುವುದು, ಬೆಳ್ಳಿ ಲೇಪದ ತೊಟ್ಟಿಯ ಮುಂದೆ ನಿಂತ ಹನುಮಂತಯ್ಯನ ಕೈಗೆ ಕೊಡುವುದು. ಮತ್ತೆ ಈಸಿಕೊಂಡು ತೊಳೆಯುವುದು. ತೊಟ್ಟಿಯ ಪಕ್ಕದ ಕರೆಂಟಿನ ಪೆಟ್ಟಿಗೆ ಇದೆಯಲ್ಲ, ರೆಕ್ಟಿಫೈಯರ್, ಅದರ ತಿರುಗಣೆಯನ್ನು ಅವಳು ಒರೆಸಿದ್ದಳೇ ಹೊರತು ಒಮ್ಮೆಯೂ ತಿರುಗಿಸಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಂಬತ್ತೊಂದು ಅಂಕ ತೆಗೆದವಳು ಆರು ವರ್ಷ ನೀರಲ್ಲಿ ಕೈ ನೆನೆಸಿಕೊಂಡು ನಿಂತಳು. ತನಗೆ ತೊಟ್ಟಿ ಬೇಕು ಎಂದು ಅವಳು ಎರಡು ಸಲ ಕೇಳಿದ್ದಳು. ಯೋಗಾನಂದ ಎರಡು ಸಲವೂ ನೋಡೋಣ ಎಂದಿದ್ದ.

ಹನುಮಂತಯ್ಯ ಬೆಳ್ಳಿ ತೊಟ್ಟಿಯ ಮುಂದೆ ಮೂವತ್ತು ವರ್ಷ ನಿಂತವರು. ಅವರಿಗೆ ಪುಸ್ತಕ ಬೇಡ, ಕಾಗದ ಬೇಡ. ಬಟ್ಟಲು ಬರಲಿ, ದೀಪದ ಕಂಬ ಬರಲಿ, ಮೇಲೆ ತಮ್ಮ ಅಗಲವಾದ ಅಂಗೈಯನ್ನು ಒತ್ತಿ ಒತ್ತಿ ಎಣಿಸುತ್ತಿದ್ದರು. “ಅಂಗೈಗೆ ಅರ್ಧ ಆಂಪ್. ಬೆರಳು ಲೆಕ್ಕಕ್ಕಿಲ್ಲ,” ಎನ್ನುತ್ತಿದ್ದರು. ಆರು ಅಂಗೈ ಹಿಡಿಸಿದರೆ ಮೂರು ಆಂಪ್, ಅಷ್ಟೇ. ತಿರುಗಣೆ ತಿರುಗಿಸಿ, ಮೀಟರಿನ ಸೂಜಿ ಅಲ್ಲಿಗೆ ಬಂದು ನಿಂತ ಮೇಲೆ ಬೀಡಿ ಹಚ್ಚಿಕೊಳ್ಳಲು ಹೊರಗೆ ಹೋಗುತ್ತಿದ್ದರು. ಒಂದು ದಿನವೂ ಅವರ ಬೆಳ್ಳಿ ಸುಟ್ಟಿದ್ದಿಲ್ಲ.

ಅಮ್ಮನ ಮುಖವನ್ನು ಅವರೇ ಮಾಡಬೇಕಿತ್ತು. ಶನಿವಾರ ಅದನ್ನು ಬಫ್ ಹೊಡೆಸಿ, ಅಂದರೆ ಚಕ್ರಕ್ಕೆ ಉಜ್ಜಿಸಿ ಹೊಳಪು ಬರಿಸಿ, ಬೆಳಕಿಗೆ ಎತ್ತಿ ಹಿಡಿದು, ಜಯದೇವಿಯನ್ನು ಕರೆದು ತೋರಿಸಿದ್ದರು. “ಮೂಗಿನ ಹತ್ರ ನೋಡು, ಕಾಗದದಷ್ಟೇ ಉಳಿದಿರೋದು. ಕರೆಂಟ್ ಜಾಸ್ತಿಯಾಗಿ ಬೆಳ್ಳಿ ಸುಟ್ಟು ಕಪ್ಪಾದ್ರೆ ಮತ್ತೆ ಬಫ್ ಹೊಡೆಯೋ ಹಾಗಿಲ್ಲ. ಹೊಡೆದ್ರೆ ಮೂಗೇ ಹೋಗುತ್ತೆ. ಒಂದೇ ಸಲ ಇದು.” ಅಷ್ಟು ಹೇಳಿ ಮನೆಗೆ ಹೋದವರಿಗೆ ಕಣ್ಣಾಸ್ಪತ್ರೆಯಿಂದ ಫೋನು ಬಂತು. ಮುಂದಿನ ವಾರಕ್ಕಿದ್ದ ಪೊರೆಯ ಆಪರೇಷನ್ನು ಸೋಮವಾರಕ್ಕೇ ಬಂದಿತ್ತು. ಬಿಟ್ಟರೆ ಇನ್ನು ಎರಡು ತಿಂಗಳು ಸರದಿ ಇಲ್ಲ. ಆ ಸಂಜೆಯೇ ಶೆಡ್ಡಿಗೆ ಫೋನು ಮಾಡಿ, ಸೋಮವಾರ ಬರುವುದಿಲ್ಲ ಎಂದರು.

ಯೋಗಾನಂದ ತಲೆ ಮೇಲೆ ಕೈ ಹೊತ್ತು ಕೂತ. ರಾಮಯ್ಯನಿಗೆ ಮಾತು ಕೊಟ್ಟಾಗಿತ್ತು. ಆಗ ಜಯದೇವಿ ಕೈ ಒರೆಸಿಕೊಳ್ಳುತ್ತಾ ಅವನ ಮುಂದೆ ಬಂದು ನಿಂತಳು.

“ನಾ ಮಾಡ್ತೀನ್ರಿ ಸಾರ್. ಆರು ವರ್ಷ ನೋಡೀನಿ.”

“ನೋಡೋದು ಬೇರೆ ಕಣಮ್ಮ. ಲೆಕ್ಕ ಯಾರು ಮಾಡ್ತಾರೆ?”

“ಲೆಕ್ಕಾನೂ ನಾನ ಮಾಡ್ತೀನ್ರಿ.”

ಯೋಗಾನಂದ ಕೆಟ್ಟ ಮನುಷ್ಯನಲ್ಲ. ಅಪ್ಪ ಬಿಟ್ಟುಹೋದ ಶೆಡ್ಡನ್ನು ಹೇಗೋ ನಡೆಸುತ್ತಾ, ಹೊರಗಿನಿಂದ ಯಾರು ಏನು ಹೇಳಿದರೂ ಹೌದೆನ್ನುವ ಮನುಷ್ಯ. ಹನುಮಂತಯ್ಯನ ನಂತರ ಬೆಳ್ಳಿ ತೊಟ್ಟಿ ನೋಡಿಕೊಳ್ಳಲು ಐಟಿಐ ಮಾಡಿದ ಒಬ್ಬನನ್ನು ಪೀಣ್ಯದಿಂದ ಕರೆಸುವ ಮಾತಾಗಿತ್ತು. ಅವನು ಬರುವುದಕ್ಕೆ ಇನ್ನೂ ಹತ್ತು ದಿನವಿತ್ತು. “ಸರಿ,” ಎಂದ ಯೋಗಾನಂದ. “ಇದನ್ನ ಸರಿಯಾಗಿ ಮಾಡಿದ್ರೆ ಬೆಳ್ಳಿ ತೊಟ್ಟಿ ನಿಂದು, ಅವನಿಗೆ ಬೇಡ ಅಂತೀನಿ. ಸುಟ್ರೆ ಮಾತ್ರ ರಾಮಯ್ಯನವರಿಗೆ ನಾನು ಮುಖ ತೋರಿಸೋಕಾಗಲ್ಲ. ನೀನೂ ಈ ಶೆಡ್ಡಿಗೆ ಬರೋ ಹಾಗಿಲ್ಲ.”

ಜಯದೇವಿ ತಲೆಯಾಡಿಸಿದಳು.

ಅಳತೆ ಹೇಗೆ? ಅಂಗೈ ಇಡುವಂತಿಲ್ಲ. ಅವಳು ಭಾನುವಾರ ಇಡೀ ಅದನ್ನೇ ಯೋಚಿಸಿ, ಏಳನೇ ಕ್ಲಾಸಿನ ಮಗಳ ಗ್ರಾಫ್ ಪುಸ್ತಕವನ್ನೇ ಬ್ಯಾಗಿಗೆ ಹಾಕಿಕೊಂಡು ಬಂದಿದ್ದಳು. ಜೊತೆಗೆ ಗಾಳಿಪಟದ ತೆಳು ಕಾಗದ. ಕಾಗದವನ್ನು ಚೂರು ಮಾಡಿ, ಒದ್ದೆ ಮಾಡಿ, ಬೆರಳ ತುದಿಯಿಂದಲೇ ಅಮ್ಮನ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ, ಕಿರೀಟಕ್ಕೆ ಅಂಟಿಸಿದಳು. ಮೂಗಿನ ಮೇಲೆ ಅಂಟಿಸುವಾಗ ಉಸಿರು ಹಿಡಿದಿದ್ದಳು. ಆಮೇಲೆ ಒಂದೊಂದನ್ನೇ ಬಿಡಿಸಿ ಗ್ರಾಫ್ ಹಾಳೆಯ ಮೇಲೆ ಹರಡಿ, ಗೆರೆ ಎಳೆದು, ಒಳಗೆ ಬಿದ್ದ ಮನೆಗಳನ್ನು ಎಣಿಸಿದಳು. ಒಂದು ಮನೆ ಎಂದರೆ ಒಂದು ಚದರ ಸೆಂಟಿಮೀಟರ್. ಎರಡು ಸಲ ಎಣಿಸಿದಾಗಲೂ ಏಳುನೂರ ಇಪ್ಪತ್ತರ ಆಸುಪಾಸೇ ಬಂತು.

“ಚೆನ್ನಾಗಿ ಮಾಡ್ದೆ ಕಣಮ್ಮ,” ಎಂದರು ರಾಮಯ್ಯ ಸ್ಟೂಲಿನಿಂದಲೇ. ಅವಳಿಗೆ ಆ ಹೊತ್ತಿಗೆ ಒಂದು ಗುಕ್ಕು ಧೈರ್ಯ ಬಂತು.

ಯೋಗಾನಂದ ಅಪ್ಪನ ಕಾಲದ ಕೈಪಿಡಿಯನ್ನು ತೆಗೆದು ಓದಿದ. “ಬೆಳ್ಳಿಗೆ, ಒಂದು ಚದರ ಡೆಸಿಮೀಟರ್‌ಗೆ ಪಾಯಿಂಟ್ ಫೈವ್ ಆಂಪಿಯರ್. ನಮ್ಮದು ಎಷ್ಟು ಚದರ ಡೆಸಿಮೀಟರ್?”

ಡೆಸಿಮೀಟರನ್ನು ಕಣ್ಣಾರೆ ಕಂಡವರು ಯಾರು? ಬಟ್ಟೆ ಅಂಗಡಿಯಲ್ಲಿ ಮೀಟರ್ ಇದೆ, ಮಕ್ಕಳ ಸ್ಕೇಲಿನಲ್ಲಿ ಸೆಂಟಿಮೀಟರ್ ಇದೆ, ರಸ್ತೆ ಬದಿಯ ಕಲ್ಲಿನ ಮೇಲೆ ಕಿಲೋಮೀಟರ್ ಇದೆ. ಡೆಸಿಮೀಟರ್ ಪಾಪ ಪಾಠದಲ್ಲಿ ಮಾತ್ರ ಬದುಕಿರುವ ಪ್ರಾಣಿ. ಜಯದೇವಿಗೆ ಅದು ಕೇಳಿದ ಕೂಡಲೇ ಸಿಂದಗಿಯ ಶಾಲೆ ನೆನಪಾಯಿತು. ಬಸವರಾಜೇಶ್ವರಿ ಟೀಚರು ಕೋಲಿನಿಂದ ಮೇಜು ಕುಟ್ಟುತ್ತಾ ಇಡೀ ತರಗತಿಯಿಂದ ಹಾಡಿಸುತ್ತಿದ್ದ ಕೋಷ್ಟಕ ತಾನಾಗಿಯೇ ನಾಲಿಗೆಗೆ ಬಂತು. ಹತ್ತು ಮಿಲಿಮೀಟರ್ ಒಂದು ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಒಂದು ಡೆಸಿಮೀಟರ್.

“ಹತ್ತರಿಂದ ಭಾಗಿಸ್ಬೇಕ್ರಿ. ಎಪ್ಪತ್ತೆರಡು.”

ಯೋಗಾನಂದ ಕ್ಯಾಲ್ಕುಲೇಟರ್ ಒತ್ತಿದ. ಎಪ್ಪತ್ತೆರಡೇ. ಅದರ ಅರ್ಧ ಮೂವತ್ತಾರು. ಕ್ಯಾಲ್ಕುಲೇಟರಿಗೆ ಸೆಂಟಿ ಯಾವುದು ಡೆಸಿ ಯಾವುದು ಎಂಬ ಪರಿವೆ ಇಲ್ಲ, ಕೊಟ್ಟದ್ದನ್ನು ನಿಷ್ಠೆಯಿಂದ ಭಾಗಿಸುತ್ತದೆ.

“ಎಪ್ಪತ್ತೆರಡು ಚದರಾನಾ?” ರಾಮಯ್ಯ ಬಾಗಿಲಿಂದ ಕೇಳಿದರು. “ನಮ್ಮ ಮನೇನೇ ಹದಿನೆಂಟು ಚದರ ಕಣಪ್ಪ.”

ಯೋಗಾನಂದ ನಕ್ಕ. “ಅದು ಮನೆ ಕಟ್ಟೋರ ಚದರ ಯಜಮಾನ್ರೆ, ನೂರು ಅಡಿದು. ಇದು ಬೇರೆ, ಸಣ್ಣ ಚದರ.”

“ಏನೋಪ್ಪ. ಒಂದು ಮುಖಕ್ಕೆ ಎಪ್ಪತ್ತೆರಡು ಅಂದ್ರಲ್ಲ, ಅದಕ್ಕೆ ಕೇಳ್ದೆ.”

ಜಯದೇವಿಯೂ ನಕ್ಕಳು. ಆ ಪ್ರಶ್ನೆಯನ್ನು ಅಲ್ಲೇ ಹಿಡಿದು ನಿಲ್ಲಿಸಿದ್ದರೆ ಮುಂದಿನ ಒಂದು ಗಂಟೆ ಅವಳ ಪಾಲಿಗೆ ಅಷ್ಟು ಉದ್ದವಾಗುತ್ತಿರಲಿಲ್ಲ. ಮೂವತ್ತಾರು ಎಂಬುದು ಅವಳಿಗೆ ವಿಚಿತ್ರವೆನಿಸಲೂ ಇಲ್ಲ. ದೊಡ್ಡ ಆರ್ಡರ್ ಬಂದ ದಿನಗಳಲ್ಲಿ ಸೂಜಿ ಮೂವತ್ತು ದಾಟಿದ್ದನ್ನು ಅವಳು ತೊಳೆಯುವ ಬಾನಿಯ ಬಳಿಯಿಂದ ಎಷ್ಟೋ ಸಲ ಕಂಡಿದ್ದಳು.

ಯೋಗಾನಂದ ಹೊಸದಾಗಿ ಅಚ್ಚು ಹಾಕಿಸಿದ್ದ ಹಾಳೆಯೊಂದನ್ನು ತಂದ. ಯಾವುದೋ ಕಂಪನಿಯವರು ಪ್ರತಿ ಕೆಲಸಕ್ಕೂ ಕಾಗದ ಇರಬೇಕೆಂದು ಹೇಳಿದ್ದರಂತೆ. ವಿಸ್ತೀರ್ಣ, ಕರೆಂಟ್, ಸಮಯ, ಕೊನೆಯಲ್ಲಿ ಎರಡು ಗೆರೆ. ಲೆಕ್ಕ ಮಾಡಿದವರು ಎಂಬಲ್ಲಿ ಜಯದೇವಿ ತನ್ನ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದಳು. ಈ ಶೆಡ್ಡಿನ ಕಾಗದದ ಮೇಲೆ ಅವಳ ಹೆಸರು ಬಿದ್ದದ್ದು ಅದೇ ಮೊದಲು. ಪರಿಶೀಲಿಸಿದವರು ಎಂಬಲ್ಲಿ ಯೋಗಾನಂದ ಗೀಚಿದ. ನಡುವೆ 36 ಆಂಪ್ ಎಂದು ಬರೆದಿತ್ತು.

ನಾಲ್ಕಕ್ಕೆ ಲೋಡ್ ಶೆಡ್ಡಿಂಗ್. ಬೆಳ್ಳಿಗೆ ನಲವತ್ತು ನಿಮಿಷ ಬೇಕು. ಮೂರಕ್ಕೆ ಸರಿಯಾಗಿ ಅವಳು ರಬ್ಬರ್ ಕೈಗವಸು ತೊಟ್ಟಳು. ಮುಖದ ಒಳಬದಿಗೆ ಆಗಲೇ ಬಣ್ಣ ಬಳಿದು ಒಣಗಿಸಿತ್ತು, ಬೆಳ್ಳಿ ಹೊರಗಷ್ಟೇ ಹಿಡಿಯಲೆಂದು. ಅಂಚಿನ ತೂತುಗಳಿಗೆ ತಾಮ್ರದ ತಂತಿ ಕಟ್ಟಿ, ಸೋಡಾ ನೀರಿಗೆ ಇಳಿಸಿ ಎತ್ತಿದಳು, ಆಸಿಡ್ ನೀರಿಗೆ ಇಳಿಸಿ ಎತ್ತಿದಳು, ತಿಳಿನೀರಲ್ಲಿ ಜಾಲಿಸಿದಳು. ಇಲ್ಲಿಂದ ಮುಂದೆ ತಡಮಾಡುವಂತಿಲ್ಲ. ಗಾಳಿಗೆ ಒಣಗಿದರೆ ಕಲೆ ಬೀಳುತ್ತದೆ. ತೊಟ್ಟಿಗೆ ಇಳಿಸುವಾಗ ಸ್ವಲ್ಪವಾದರೂ ಕರೆಂಟ್ ಹರಿಯುತ್ತಿರಬೇಕು, ಇಲ್ಲದಿದ್ದರೆ ಬೆಳ್ಳಿ ಸಡಿಲವಾಗಿ ಕೂತು ಸಿಪ್ಪೆ ಏಳುತ್ತದೆ. ಇದನ್ನೆಲ್ಲ ಅವಳು ಯಾರೂ ಹೇಳಿಕೊಡದೆ ನೋಡಿ ಕಲಿತಿದ್ದಳು.

ತಿರುಗಣೆಯನ್ನು ಚೂರು ತಿರುಗಿಸಿ ಮುಖವನ್ನು ಇಳಿಸಿದಳು. ಅಮ್ಮ ಗಲ್ಲದವರೆಗೆ ಮುಳುಗಿದಳು, ಮೂಗಿನವರೆಗೆ, ಕಣ್ಣಿನವರೆಗೆ, ಕಿರೀಟವೂ ಮುಳುಗಿತು. ಸೂಜಿ ಎರಡರ ಹತ್ತಿರ ನಡುಗಿ ನಿಂತಿತು. ಹಳದಿ ಮುಖದ ಮೇಲೆ ಬಿಳುಪು ತೆಳ್ಳಗೆ ಹರಡತೊಡಗಿತು.

“ಏರಿಸು,” ಎಂದ ಯೋಗಾನಂದ ಮೇಜಿನ ಬಳಿಯಿಂದ.

ಅವಳು ತಿರುಗಿಸಿದಳು. ಎರಡೂವರೆ. ಮೂರು. ಮೂವತ್ತಾರು ಇನ್ನೂ ಬಹಳ ದೂರದಲ್ಲಿ, ಮೀಟರಿನ ಆಚೆ ಅಂಚಿನಲ್ಲಿತ್ತು. ಅಷ್ಟು ದೂರ ತಿರುಗಿಸಬೇಕಲ್ಲ ಎಂದುಕೊಂಡಾಗ ಬೆರಳಿಗೆ ಹಿಂಜರಿಕೆಯಾಯಿತು. ಪಕ್ಕದಲ್ಲೇ ನಿಂತು ಹನುಮಂತಯ್ಯ ಹೇಳಿದಂತಾಯಿತು. ಅಂಗೈಗೆ ಅರ್ಧ ಆಂಪ್.

ಅರ್ಧ. ಕೈಪಿಡಿಯಲ್ಲೂ ಅರ್ಧವೇ.

ಹನುಮಂತಯ್ಯನ ಅಂಗೈಗೂ ಅರ್ಧ, ಕೈಪಿಡಿಯ ಚದರ ಡೆಸಿಮೀಟರಿಗೂ ಅರ್ಧ. ಇಬ್ಬರದೂ ಅದೇ ಬೆಳ್ಳಿ, ಅದೇ ತೊಟ್ಟಿ. ಹಾಗಾದರೆ ಆ ಡೆಸಿ ಎನ್ನುವುದು ಮತ್ತೇನೂ ಅಲ್ಲ, ಒಂದು ಅಂಗೈ. ತಾನು ಬರೆದದ್ದು ಎಪ್ಪತ್ತೆರಡು ಅಂಗೈ. ಒಂದು ಮುಖದ ಮೇಲೆ ಎಪ್ಪತ್ತೆರಡು ಅಂಗೈ ಹಿಡಿಯುತ್ತವೆಯೇ?

ಹಿಡಿಸಿ ನೋಡುವಂತಿಲ್ಲ. ಅಮ್ಮ ತೊಟ್ಟಿಯ ಸಯನೈಡ್ ವಿಷದ ನೀರಿನೊಳಗಿದ್ದಳು, ಹೊರಗಿದ್ದರೂ ಅಂಗೈ ಇಡುವಂತಿರಲಿಲ್ಲ. ಜಯದೇವಿ ಕೈಗವಸು ಕಿತ್ತು ಬಾನಿಯ ಅಂಚಿಗೆ ಹಾಕಿದಳು. ನಲ್ಲಿ ಬಿಟ್ಟು ಎರಡೂ ಕೈಯನ್ನು ಮೊಣಕೈವರೆಗೆ ತೊಳೆದಳು, ಸೋಪು ಹಾಕಿ ಮತ್ತೊಮ್ಮೆ ತೊಳೆದಳು. ಆ ನೀರಿನ ಒಂದು ಹನಿ ಬಾಯಿಗೆ ತಾಗಿದರೂ ಏನಾಗುತ್ತದೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಸೆರಗಿನಿಂದ ಒರೆಸಿಕೊಂಡು ಬಲ ಅಂಗೈಯನ್ನು ತನ್ನ ಹಣೆಯ ಮೇಲೆ ಒತ್ತಿದಳು. ಒಂದು. ಬಲಗೆನ್ನೆಯ ಮೇಲೆ. ಎರಡು. ಎಡಗೆನ್ನೆ, ಮೂರು. ಬಾಯಿ ಗಲ್ಲ ಮುಚ್ಚಿ, ನಾಲ್ಕು. ಕಿವಿಯ ಬದಿಯ ಚೂರುಪಾರು ಸೇರಿಸಿದರೂ ಐದು. ಅಲ್ಲಿಗೆ ಮುಖ ಮುಗಿಯಿತು.

ಅಮ್ಮನ ಮುಖ ತನ್ನದಕ್ಕಿಂತ ದೊಡ್ಡದು, ಕಿರೀಟ ಬೇರೆ ಇದೆ. ಎರಡರಷ್ಟೆಂದರೂ ಹತ್ತು ಅಂಗೈ. ಎಪ್ಪತ್ತೆರಡು ಹೇಗೆ ಬಂತು?

“ಯಾಕಮ್ಮ ಅಳ್ತಾ ಇದೀಯ?” ಯೋಗಾನಂದ ಎದ್ದು ಬಂದ. “ಏನಾಯ್ತು? ಸೂಜಿ ಮೂರರಲ್ಲೇ ನಿಂತಿದೆ. ಏರಿಸು ಅಂದೆನಲ್ಲ.”

“ಅಳಾಕತ್ತಿಲ್ರಿ. ಲೆಕ್ಕ ತಪ್ಪೈತಿ.”

“ಯಾವ ಲೆಕ್ಕ? ಕ್ಯಾಲ್ಕುಲೇಟರಲ್ಲಿ ನಾನೇ ನೋಡಿದೀನಿ. ಮೂವತ್ತಾರು.” ಅವನ ಧ್ವನಿ ಏರಿತು. “ಕರೆಂಟ್ ಕಮ್ಮಿ ಆದ್ರೆ ಬೆಳ್ಳಿ ಹಿಡಿಯಲ್ಲ, ನಾಳೆ ಪೂಜೆ ಹೊತ್ತಿಗೆ ಸಿಪ್ಪೆ ಎದ್ದಿರುತ್ತೆ. ಸರಿ, ನಾನೇ ಏರಿಸ್ತೀನಿ.”

ಅವನು ತಿರುಗಣೆಗೆ ಕೈ ಚಾಚಿದ. ಜಯದೇವಿ ಅದನ್ನು ತನ್ನ ಅಂಗೈಯಿಂದ ಮುಚ್ಚಿದಳು. ಆರು ವರ್ಷದಲ್ಲಿ ಒಮ್ಮೆಯೂ ಮಾಲೀಕನಿಗೆ ಎದುರು ನಿಂತವಳಲ್ಲ.

“ಬ್ಯಾಡ್ರಿ ಸಾರ್. ಸುಡ್ತೈತಿ.”

“ಕೈ ತೆಗಿ ಜಯದೇವಿ.”

“ಎರಡು ನಿಮಿಷ ಕೊಡ್ರಿ. ತೋರಸ್ತೀನಿ. ತೋರಸಾಕ ಆಗ್ಲಿಲ್ಲಂದ್ರ ನೀವ ಏರಸ್ರಿ, ನಾ ಮನಿಗೆ ಹೋಗ್ತೀನಿ.”

ಬಾಗಿಲಲ್ಲಿ ಸ್ಟೂಲು ಸರಿದ ಸದ್ದಾಯಿತು. ರಾಮಯ್ಯ ಎದ್ದು ನಿಂತಿದ್ದರು. “ಏನಪ್ಪಾ ಯೋಗಾನಂದ, ಏನು ನಡೀತಾ ಇದೆ? ಅಮ್ಮ ಒಳಗಿದಾಳೆ. ನೀವಿಬ್ರೂ ಜಗಳಾಡ್ತಾ ನಿಂತಿದೀರ.”

ಯೋಗಾನಂದ ತೊಟ್ಟಿ ನೋಡಿದ, ಗಡಿಯಾರ ನೋಡಿದ. ಮೂರು ಹದಿನಾಲ್ಕು. “ಎರಡೇ ನಿಮಿಷ,” ಎಂದ.

ಒಂದು ಕೈ ತಿರುಗಣೆಯ ಮೇಲಿದ್ದಂತೆಯೇ ಜಯದೇವಿ ಇನ್ನೊಂದು ಕೈಯಿಂದ ಗ್ರಾಫ್ ಪುಸ್ತಕ ಎಳೆದುಕೊಂಡಳು. ಖಾಲಿ ಹಾಳೆಯನ್ನು ಪೆಟ್ಟಿಗೆಯ ತಲೆಯ ಮೇಲೆ ಇಟ್ಟಳು. ಪೆನ್ನು ಹಿಡಿದಳು.

“ಒಂದು ಡೆಸಿಮೀಟರ್ ಅಂದ್ರ ಹತ್ತು ಸೆಂಟಿಮೀಟರ್. ಹೌದಲ್ರಿ?”

“ಹೌದು. ಅದಕ್ಕೇ ಹತ್ತರಿಂದ ಭಾಗಿಸಿದ್ದು.”

“ಅದು ಗೆರಿ ಲೆಕ್ಕ ರೀ. ಹಿಂಗ ಉದ್ದಕ ಹತ್ತು.” ಅವಳು ಹತ್ತು ಮನೆಯ ಉದ್ದಕ್ಕೆ ಒಂದು ಗೆರೆ ಎಳೆದಳು. “ಚದರ ಅಂದ ಮ್ಯಾಲ ಅಗಲನೂ ಹತ್ತು ಬೇಕಲ್ರಿ.” ಕೆಳಗೆ ಹತ್ತು ಮನೆ, ಅಡ್ಡಕ್ಕೆ ಹತ್ತು, ಮೇಲಕ್ಕೆ ಹತ್ತು. ಹಾಳೆಯ ನಡುವೆ ಒಂದು ಚೌಕ ನಿಂತಿತು. “ಇದು ಒಂದು ಚದರ ಡೆಸಿಮೀಟರ್. ಇದರಾಗ ಮನಿ ಎಷ್ಟದಾವು, ಎಣಸ್ರಿ ನೀವ.”

ಯೋಗಾನಂದ ಪೆನ್ನಿನ ತುದಿಯಿಂದ ಎಣಿಸಿದ. ಮೊದಲ ಸಾಲು ಹತ್ತು. ಎರಡನೆಯ ಸಾಲು ಇಪ್ಪತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಪೆನ್ನು ನಿಂತಿತು, ಆದರೂ ಎಣಿಸುವುದನ್ನು ಬಿಡಲಿಲ್ಲ. ಅವನ ಹೆಗಲ ಹಿಂದೆ ಬಂದು ನಿಂತ ರಾಮಯ್ಯ ತಾವೂ ತುಟಿಯಲ್ಲೇ ಎಣಿಸುತ್ತಿದ್ದರು.

“ನೂರು,” ಎಂದ ಯೋಗಾನಂದ.

ಪಕ್ಕದಲ್ಲಿ ನಿಕ್ಕಲ್ ತೊಟ್ಟಿಯ ಪಂಪು ಗುರುಗುಟ್ಟುತ್ತಿತ್ತು.

“ಏಳುನೂರ ಇಪ್ಪತ್ತನ್ನ ಹತ್ತರಿಂದ ಅಲ್ಲ, ನೂರರಿಂದ ಭಾಗಿಸ್ಬೇಕಿತ್ರಿ. ಏಳು ಪಾಯಿಂಟ್ ಎರಡು. ಅದರ ಅರ್ಧ ಮೂರು ಪಾಯಿಂಟ್ ಆರು. ತಪ್ಪು ನಂದ ರೀ.”

ಯೋಗಾನಂದ ಮೀಟರ್ ನೋಡಿದ. ಸೂಜಿ ಮೂರರ ಮೇಲಿತ್ತು. ಅದು ಅಲ್ಲಿಯೇ ಇರಬೇಕಾದದ್ದು, ತಾನು ಹತ್ತು ಪಟ್ಟು ಮೇಲಕ್ಕೆ ಒಯ್ಯಲು ಹೊರಟಿದ್ದೆ ಎಂಬುದು ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಪೆನ್ನು ಕೆಳಗಿಟ್ಟು, ತಿರುಗಣೆಗೆ ಚಾಚಿದ್ದ ಆ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಜಯದೇವಿ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮೂರು ಪಾಯಿಂಟ್ ಆರು. ಆಮೇಲೆ ಹಾಳೆಯಲ್ಲಿ 36ಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 3.6 ಎಂದು ಬರೆದಳು.

ಲೆಕ್ಕ ಸರಿಹೋಯಿತು, ಹೆದರಿಕೆ ಹೋಗಲಿಲ್ಲ. ಗ್ರಾಫ್ ಹಾಳೆ ಏನು ಬೇಕಾದರೂ ಹೇಳಲಿ, ಕೊನೆಗೆ ಮಾತಾಡಬೇಕಾದದ್ದು ಬೆಳ್ಳಿ. ಮೊದಲ ಹತ್ತು ನಿಮಿಷ ಸೂಜಿ ಎರಡು ಮೂರರ ನಡುವೆ ಓಲಾಡಿದ್ದರಿಂದ ಏನಾದರೂ ಕೆಟ್ಟಿರಬಹುದೇ? ಕಾಗದದಷ್ಟು ತೆಳುವಾದ ಆ ಮೂಗಿಗೆ ಮೂರು ಪಾಯಿಂಟ್ ಆರೂ ಹೆಚ್ಚಾಗಿಬಿಟ್ಟರೆ? ಅವಳು ತೊಟ್ಟಿ ಬಿಟ್ಟು ಕದಲಲಿಲ್ಲ. ಮಂಕು ನೀರಿನ ಕೆಳಗೆ ಅಮ್ಮನ ಮುಖ ಅಸ್ಪಷ್ಟವಾಗಿ ಕಾಣುತ್ತಿತ್ತು, ಬೆಳ್ಳಗೋ ಬೂದಿಯೋ ತಿಳಿಯುತ್ತಿರಲಿಲ್ಲ. ರಾಮಯ್ಯ ಸ್ಟೂಲನ್ನು ಒಳಗೆ ತಂದು ಅವಳಿಂದ ಎರಡು ಮಾರು ದೂರದಲ್ಲಿ ಹಾಕಿಕೊಂಡರು.

“ಅವಾಗ ಮುಖದ ಮೇಲೆ ಯಾಕೆ ಕೈ ಇಟ್ಕೊಂಡೆ?” ಎಂದು ಕೇಳಿದರು.

“ಅಮ್ಮನ ಮ್ಯಾಲ ಇಡೂ ಹಂಗಿರಲಿಲ್ಲಲ್ರಿ ಯಜಮಾನ್ರ. ಅದಕ್ಕ ನನ್ನ ಮುಖ ಅಳತಿ ಮಾಡ್ದೆ.”

ರಾಮಯ್ಯ ಅವಳ ಮುಖವನ್ನೇ ನೋಡಿದರು.

ನಾಲ್ಕಕ್ಕೆ ಹೋಗಬೇಕಾದ ಕರೆಂಟು ಆರು ನಿಮಿಷ ಮೊದಲೇ ಕೈಕೊಟ್ಟಿತು. ಪಂಪು ನಿಂತಿತು, ಸೂಜಿ ಸೊನ್ನೆಗೆ ಬಿತ್ತು, ಶೆಡ್ಡಿನೊಳಗೆ ಮಬ್ಬಾಯಿತು. ಸರಿಯಾದ ಕರೆಂಟಿನಲ್ಲಿ ಮೂವತ್ತೆಂಟು ನಿಮಿಷ ಆಗಿತ್ತು. ಜಯದೇವಿ ಕೈಗವಸು ತೊಟ್ಟು ತಂತಿ ಹಿಡಿದು ಎತ್ತಿದಳು. ತಿಳಿನೀರಿಗೆ ಒಮ್ಮೆ, ಇನ್ನೊಂದು ತಿಳಿನೀರಿಗೆ ಒಮ್ಮೆ, ಕೊನೆಗೆ ಬಿಸಿನೀರಿಗೆ. ಬಾಗಿಲ ಬೆಳಕಿಗೆ ತಂದಳು.

ಮುಖ ಹಾಲಿನಂತೆ ಬೆಳ್ಳಗಿತ್ತು. ಹಣೆ, ಕೆನ್ನೆ, ಕಿರೀಟದ ಮೊನೆಗಳು, ಎಲ್ಲಿಯೂ ಕಪ್ಪಿಲ್ಲ. ಮೂಗು ಇತ್ತು. ಮೂಗುತಿಯ ಚುಕ್ಕೆಯೂ ಇತ್ತು, ಅದು ಹಿತ್ತಾಳೆಯ ಹಳದಿಯಲ್ಲಿ ಇಷ್ಟು ದಿನ ಕಂಡಿರಲೇ ಇಲ್ಲ. ಯೋಗಾನಂದ ಅಂಚಿನಲ್ಲಿ, ಕಾಣದ ಕಡೆ, ಅಂಟು ಪಟ್ಟಿಯ ಚೂರೊಂದನ್ನು ಒತ್ತಿ ಸರಕ್ಕನೆ ಕಿತ್ತ. ಬೆಳ್ಳಿ ಬರಲಿಲ್ಲ. ಅವನು ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು. ರಾಮಯ್ಯ ಹೆಗಲ ವಸ್ತ್ರ ಹಾಸಿ ಮುಖವನ್ನು ಸುತ್ತಿಕೊಂಡರು. ಹೋಗುವ ಮುಂಚೆ ಜಯದೇವಿಯ ಕಡೆ ತಿರುಗಿ, “ನಾಳೆ ಬೆಳಿಗ್ಗೆ ಏಳಕ್ಕೆ ಗುಡಿ ಹತ್ರ ಬಾರಮ್ಮ, ಮಗಳನ್ನೂ ಕರ್ಕೊಂಡು,” ಎಂದರು.

ಅವಳಿಗೆ ಅಳು ಬಂದದ್ದು ಆಗ. ಬಾನಿಯ ಕಡೆ ತಿರುಗಿ ನಿಂತು ಅತ್ತಳು.

ಯೋಗಾನಂದ ಮಾತ್ರ ಹಾಳೆಯನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. “ಮುಖ ಉಳಿಸಿದ್ದು ನೀನೇ, ಇಲ್ಲ ಅನ್ನಲ್ಲ,” ಎಂದ ಕೊನೆಗೆ. “ಆದ್ರೆ ಮೂವತ್ತಾರು ಬರೆದಿದ್ದೂ ನೀನೇ ಅಲ್ವಾ. ನಾಳೆ ಇನ್ನೊಂದು ಬರೀತೀಯ, ಅವತ್ತು ನೆನಪಾಗದೇ ಹೋದ್ರೆ? ಮುಂದಿನ ಸೋಮವಾರ ಹನುಮಂತಯ್ಯ ಬರ್ಲಿ. ಅವರು ಹೇಳಿದ ಹಾಗೆ.”

ಅವನ ಹೆಸರೂ ಅದೇ ಮೂವತ್ತಾರರ ಕೆಳಗಿತ್ತು. ಜಯದೇವಿ ಅದನ್ನು ಹೇಳಲಿಲ್ಲ. ಆ ಒಂದು ವಾರ ಅವಳು ಹಿಂದಿನಂತೆಯೇ ತಂತಿ ಕಟ್ಟಿದಳು, ತೊಳೆದಳು. ಬೆಳ್ಳಿ ತೊಟ್ಟಿಗೆ ಮುಚ್ಚಳ ಹಾಕಿತ್ತು.

ಹನುಮಂತಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಯೋಗಾನಂದ ಎಲ್ಲವನ್ನೂ ಹೇಳಿ ಹಾಳೆಯನ್ನು ಅವರ ಮುಂದೆ ಇಟ್ಟ. ಅವರು ಅದನ್ನು ಕನ್ನಡಕದ ಹತ್ತಿರಕ್ಕೆ ತಂದು, ಅಡ್ಡಗೆರೆ ಬಿದ್ದ ಅಂಕಿಯನ್ನು ನೋಡಿ, ಜಯದೇವಿಯನ್ನು ಕರೆದರು.

“ಸೂಜಿ ಎಷ್ಟರಲ್ಲಿ ನಿಲ್ಲಿಸ್ದೆ?”

“ಮೂರರಾಗ್ರಿ.”

“ಯಾಕೆ ನಿಲ್ಲಿಸ್ದೆ?”

“ನಿಮ್ಮ ಮಾತು ನೆನಪಾತ್ರಿ. ಅಂಗೈಗೆ ಅರ್ಧ.”

ಹನುಮಂತಯ್ಯ ಗ್ರಾಫ್ ಪುಸ್ತಕ ಕೇಳಿದರು. ಹಾಳೆಯ ಮೇಲೆ ತಮ್ಮ ಅಂಗೈ ಊರಿದರು. “ಬೆರಳು ಬಿಟ್ಟು ಸುತ್ತ ಗೆರೆ ಎಳಿ. ಎಣಿಸು.” ಜಯದೇವಿ ಎಳೆದು ಎಣಿಸಿದಳು. ಅರ್ಧ ಮನೆಗಳನ್ನು ಕೂಡಿಸಿ ಮತ್ತೊಮ್ಮೆ ಎಣಿಸಿದಳು.

“ತೊಂಬತ್ತಾರ್ರಿ.”

“ನೂರಿಲ್ವಾ?” ಅವರು ಅಂಗೈಯನ್ನು ತಿರುಗಿಸಿ ನೋಡಿಕೊಂಡರು. “ಹಾಗಾದ್ರೆ ಮೂವತ್ತು ವರ್ಷ ನಾನೂ ನಾಲ್ಕು ಮನೆ ತಪ್ಪೇ ಮಾಡಿದೀನಿ. ಯೋಗಾನಂದ, ನನ್ನನ್ನೂ ತೆಗೀತೀಯೇನಪ್ಪ?”

ಯೋಗಾನಂದ ನೆಲ ನೋಡಿದ.

“ನಿನ್ನ ಕೈ ಇಡು,” ಎಂದರು ಹನುಮಂತಯ್ಯ ಜಯದೇವಿಗೆ. ಅವಳು ಇಟ್ಟಳು. ಈ ಸಲ ಗೆರೆ ಎಳೆದವರು ಅವರು, ಒಂದು ಕಣ್ಣು ಕಿರಿದು ಮಾಡಿಕೊಂಡು, ನಿಧಾನವಾಗಿ. ಎಪ್ಪತ್ತೊಂದು ಮನೆ ಬಂತು.

“ನಿಂದು ಸಣ್ಣ ಕೈ. ನಿನ್ನ ಅಂಗೈಗೆ ಅರ್ಧ ಆಂಪ್ ಕೊಟ್ರೆ ಜಾಸ್ತಿಯಾಗುತ್ತೆ. ಎಷ್ಟು ಕೊಡ್ಬೇಕು ಅಂತ ಲೆಕ್ಕ ಹಾಕಿ ತೊಟ್ಟಿ ಹಿಂದಿನ ಗೋಡೆ ಮೇಲೆ ಬರಿ. ದೊಡ್ಡದಾಗಿ ಬರಿ, ನನ್ನ ಕಣ್ಣಿಗೆ ಕಾಣ್ಬೇಕು. ಇನ್ಮೇಲೆ ಇಲ್ಲಿ ನಡೆಯೋದು ಆ ಅಂಗೈ.”

ಯೋಗಾನಂದ ಎದ್ದು ಫೋನಿನ ಹತ್ತಿರ ಹೋದ. ಪೀಣ್ಯದವನಿಗೆ ಬರುವುದು ಬೇಡ ಎನ್ನುತ್ತಿದ್ದುದು ಶೆಡ್ಡಿಗೆಲ್ಲ ಕೇಳಿಸಿತು. ಜಯದೇವಿ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮುಂದೆ ನಿಂತಳು. ಎಪ್ಪತ್ತೊಂದು ಎಂದು ಬರೆದು, ಈ ಸಲ ನೂರರಿಂದ ಭಾಗಿಸಿದಳು.